ಸತುವಿನ ಪದರಕ್ಕೆ ನಾನು ಕೊಟ್ಟ ಅಪ್ಪಣೆ

ಗಾಜಿನ ಬಿಲ್ಲೆಯ ಮೇಲೆ ನಾನು ಹಾಸಿದ್ದ ಸತುವಿನ ಆಕ್ಸೈಡ್ ಪದರ ಎಷ್ಟು ತೆಳುವೆಂದರೆ, ಪಕ್ಕದಲ್ಲಿ ತಲೆಗೂದಲು ಇಟ್ಟರೆ ಅದು ಅರಮನೆಯ ಕಂಬದಂತೆ ಕಾಣಬೇಕು. ಅದರಲ್ಲಿ ವಿದ್ಯುತ್ತು ಹರಿಯಬೇಕೋ ಬೇಡವೋ ಎಂಬುದು ನನ್ನ ಹೆಬ್ಬೆರಳಿನ ಮರ್ಜಿ. ಗುಂಡಿ ಒತ್ತಿ ಪದರದ ಅಡಿಯಿಂದ, ಅದನ್ನು ಮುಟ್ಟದೆಯೇ, ವಿದ್ಯುತ್ ಕ್ಷೇತ್ರ ಒಡ್ಡುತ್ತೇನೆ, ಹರಿಯುತ್ತಿದ್ದದ್ದು ಗಪ್‌ಚುಪ್. ಪ್ರಪಂಚದಲ್ಲಿ ಯಾರಿಗೂ ಇದು ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಪ್ರಪಂಚವನ್ನು ನಾನು ವಿಚಾರಿಸಿರಲಿಲ್ಲ, ಅದು ಬೇರೆ ಮಾತು.

ಅಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ನೋಡಲು ಬಂದರು. ವಿದ್ಯುತ್ತು ಅಳೆಯಲು ಇದ್ದ ಒಂದೇ ಒಂದು ಬೆಂಚು ಈ ವರ್ಷ ನನಗೋ, ದಪ್ಪ ಕನ್ನಡಕದ ಜೊತೆಗಾರ ಸೋಡಾಬುಡ್ಡಿಗೋ ಎಂದು ತೀರ್ಮಾನವಾಗಬೇಕಿತ್ತು. ಬೆಂಚು ಹೋದರೆ ನನ್ನ ಪಿಎಚ್‌ಡಿ ಅಟ್ಟ ಸೇರಿದ ಹಾಗೆಯೇ.

ಸೂಕ್ಷ್ಮದರ್ಶಕದ ದೀಪ ಹಾಕಿ, ಸೂಜಿಗಳನ್ನು ಪದರದ ಮೇಲಿನ ಚಿನ್ನದ ಚುಕ್ಕೆಗಳಿಗೆ ಇಳಿಸಿದೆ. "ನೋಡಿ ಮೇಡಂ, ಹರೀತಿದೆ." ದೀಪ ಆರಿಸಿ ಗುಂಡಿ ಒತ್ತಿದೆ. ಮೀಟರಿನ ಅಂಕಿ ದಡದಡನೆ ಇಳಿಯಿತು. "ನಿಲ್ಲು ಅಂದೆ, ನಿಂತಿತು!"

"ದೀಪ ಯಾಕಪ್ಪಾ ಆರಿಸ್ತೀಯ?"

"ಸೂಜಿ ಇಟ್ಟಾದ್ಮೇಲೆ ಸುಮ್ನೆ ದಂಡ ಅಲ್ವಾ ಮೇಡಂ. ನಾನು ಶಿಸ್ತಿನ ಮನುಷ್ಯ."

"ಈಗ ಗುಂಡಿ ಮುಟ್ಬೇಡ. ಬರೀ ದೀಪ ಹಾಕು."

ಹಾಕಿದೆ. ಅಂಕಿ ಏರಿತು. ಆರಿಸಿದೆ. ಇಳಿಯಿತು.

ಪಕ್ಕದಲ್ಲೇ ನಿಂತಿದ್ದ ಸೋಡಾಬುಡ್ಡಿ ಬೆಂಚಿನ ಹಿಂದೆ ಬಗ್ಗಿ ಕಿಸಕ್ಕನೆ ನಕ್ಕ. "ಅಲ್ವೋ ಮಹಾರಾಜ, ಗುಂಡಿ ತಂತಿ ಇಲ್ಲಿ ನೇತಾಡ್ತಿದೆ! ಇಷ್ಟು ದಿನ ವೋಲ್ಟೇಜು ಯಾರಿಗೆ ಕೊಡ್ತಿದ್ದೆ, ಗಾಳಿಗಾ?"

ಬೆಳಕು ಬಿದ್ದರೆ ಆ ಪದರದಲ್ಲಿ ತಾನಾಗಿಯೇ ವಿದ್ಯುತ್ತು ಹರಿಯುತ್ತದೆ ಎಂದು ಪಠ್ಯಪುಸ್ತಕದಲ್ಲೇ ಇದೆ. ನಾನು ಪಠ್ಯಪುಸ್ತಕಗಳನ್ನು ದಾಟಿ ಬಹಳ ಮುಂದೆ ಹೋಗಿಬಿಟ್ಟಿದ್ದೆ.

ಮೇಡಂ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ತಂತಿ ಸಿಕ್ಕಿಸಿ, ಬೆಂಚಿಗೆ ಕಪ್ಪು ಬಟ್ಟೆ ಹೊದಿಸಿ, "ಈಗ ಒತ್ತು" ಎಂದರು. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದೆ. ಒಂದಕ್ಕೆ ಸುಸ್ತಾಗಿತ್ತೆಂದು ನನ್ನ ವಾದ. ಅಂಕಿ ಕದಲಲಿಲ್ಲ. ಆಮೇಲೆ ಒಂಚೂರು ಇಳಿಯಿತು. ಉಲ್ಟಾ ವೋಲ್ಟೇಜು ಕೊಟ್ಟೆ, ಒಂಚೂರು ಏರಿತು.

"ಇರುವೆ ಉಸಿರು ಬಿಟ್ಟ ಹಾಗಿದೆಯಲ್ಲೋ," ಎಂದ ಸೋಡಾಬುಡ್ಡಿ.

"ಇರ್ಲಿ, ಇದು ನಿಜವಾದ್ದು," ಎಂದ ಮೇಡಂ ನನ್ನತ್ತ ತಿರುಗಿದರು. "ಬೆಂಚು ಅವನಿಗೆ. ಶನಿವಾರ ಮಾತ್ರ ನಿಂದು."

ಕಾರಿಡಾರಿನಲ್ಲಿ ಸೋಡಾಬುಡ್ಡಿಯ ಬೆನ್ನು ತಟ್ಟಿದೆ. "ಉಳಿದ ದಿನ ಎಲ್ಲಾ ನಿನಗೇ ಬಿಟ್ಕೊಟ್ಟಿದ್ದೀನಿ ಕಣಯ್ಯಾ. ಮನಸ್ಸು ದೊಡ್ಡದು ನಂದು."

ಅವನು ಕನ್ನಡಕ ಒರೆಸಿಕೊಂಡ. "ಆ ಸೂಜಿ ಇಳಿಸೋದು ನಂಗೆ ಸರಿಯಾಗಿ ಬರಲ್ಲ ಕಣೋ. ನಾಳೆ ಸ್ವಲ್ಪ ಬಂದು ಇಟ್ಕೊಡ್ತೀಯಾ?"

"ಪುರುಸೊತ್ತಾದ್ರೆ ನೋಡ್ತೀನಿ," ಎಂದೆ.

ಮರುದಿನ ಅವನು ಪ್ರಯೋಗಾಲಯದ ಬೀಗ ತೆಗೆಯಲು ಬಂದಾಗ ನಾನು ಆಗಲೇ ಬಾಗಿಲಲ್ಲಿ ನಿಂತಿದ್ದೆ.