ಅಪ್ಪ ಸೇವ್ ಮಾಡದ ಕಾಗದ

ಅಪ್ಪ ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಕೊನೆಯ ಸಾಲು ನೋಡುವವರೆಗೂ ಪುಟಕ್ಕೆ ಸಹಿ ಹಾಕುತ್ತಿರಲಿಲ್ಲ. ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲೂ ಅದೇ ಹಟ: ಬರೆದು ಮುಗಿಯುವ ತನಕ ಸೇವ್ ಮಾಡುವುದಿಲ್ಲ, ಕಂಪ್ಯೂಟರ್ ಆರಿಸುವುದೂ ಇಲ್ಲ.

“ಅರ್ಧಂಬರ್ಧ ಬರೆದಿದ್ದಕ್ಕೆ ಯಾರಾದ್ರೂ ಸಹಿ ಹಾಕ್ತಾರೇನೇ?” ಎನ್ನುತ್ತಿದ್ದರು.

ಅವರು ಬರೆಯಲು ಬಳಸುತ್ತಿದ್ದ ಎಡಿಟರೆಂಬ ಹಳೆಯ ತಂತ್ರಾಂಶವೋ ವಾರಕ್ಕೆರಡು ಸಲ ಮುಗ್ಗರಿಸಿ ಬೀಳುತ್ತಿತ್ತು. ಬದಲಿಸೋಣವೆಂದರೆ ಕೇಳುವವರಲ್ಲ. ಹಾಗೆ ಬಿದ್ದಾಗಲೆಲ್ಲ ಕಂಪ್ಯೂಟರನ್ನು ನಡೆಸುವ ಲಿನಕ್ಸ್, ಆ ಕ್ಷಣ ಎಡಿಟರಿನ ಮೆಮೊರಿಯಲ್ಲಿ ಇದ್ದುದನ್ನೆಲ್ಲ ಒಂದು ದೊಡ್ಡ ಫೈಲಿಗೆ ಸುರಿದಿಡುತ್ತಿತ್ತು. ಕೋರ್ ಡಂಪ್ ಎನ್ನುತ್ತೇವೆ. ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಆ ಫೈಲನ್ನು ಜಾಲಾಡಿ ಅಪ್ಪನ ಸಾಲುಗಳನ್ನು ಹೆಕ್ಕಿ ಕೊಡುತ್ತಿದ್ದೆ. ಅವರು ಅದನ್ನು ನನ್ನ ಮಂತ್ರವಿದ್ಯೆ ಎಂದುಕೊಂಡಿದ್ದರು.

ಒಂದು ಸೋಮವಾರ ಡಿಸ್ಕ್ ತುಂಬಿಹೋಯಿತು. ನೋಡಿದರೆ ಬರೀ ಡಂಪ್ ಫೈಲುಗಳು. ನನಗೆ ಕೆಲಸಕ್ಕೆ ಹೊತ್ತಾಗಿತ್ತು, ಸಿಟ್ಟು ನೆತ್ತಿಗೇರಿತ್ತು. ಎಲ್ಲವನ್ನೂ ಅಳಿಸಿ, ಯಾವುದಕ್ಕೆ ಎಷ್ಟು ಜಾಗವೆಂದು ಗೊತ್ತುಮಾಡುವ ಲಿಮಿಟ್ಸ್ ಫೈಲಿನಲ್ಲಿ ಕೋರ್ ಎಂಬುದರ ಮುಂದೆ ಸೊನ್ನೆ ಬರೆದೆ. ಇನ್ನು ಎಡಿಟರು ಬಿದ್ದರೂ ಡಂಪ್ ಉಳಿಯುವುದಿಲ್ಲ. ಅಪ್ಪನಿಗೆ ಹೇಳಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವಳು ನಾನು.

ಮರುದಿನದಿಂದ ಅವರು ನನ್ನ ತಂಗಿಗೆ ಕಾಗದ ಬರೆಯಲು ಕೂತರು. ಅವಳ ಮದುವೆಯ ವಿಷಯಕ್ಕೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಏಳು ವರ್ಷ. ಇಬ್ಬರದೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಟೀ ಕೊಡಲು ಹೋದಾಗ ಮೊದಲ ಸಾಲು ಕಣ್ಣಿಗೆ ಬಿತ್ತು: “ನನ್ನ ಮೆಣಸಿನಕಾಯಿಗೆ”. ಚಿಕ್ಕಂದಿನಲ್ಲಿ ಅವಳನ್ನು ಹಾಗೇ ಕರೆಯುತ್ತಿದ್ದರು. ಅಪ್ಪ ಪರದೆಗೆ ಕೈ ಅಡ್ಡ ಹಿಡಿದು, “ಮುಗೀಲಿ, ಆಮೇಲೆ ನೋಡುವೆಯಂತೆ” ಎಂದರು. ಆಗಲಾದರೂ ನನಗೆ ಆ ಸೊನ್ನೆ ನೆನಪಾಗಬೇಕಿತ್ತು. ಆಗಲಿಲ್ಲ.

ಶುಕ್ರವಾರ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ಕಾಗದ ಮುಗೀತು ಕಣೇ. ಸೇವ್ ಮಾಡೋಕೆ ಹೋದೆ, ದರಿದ್ರದ್ದು ಬಿದ್ದೋಯ್ತು. ನೀನು ತೆಗೆದುಕೊಡ್ತೀಯಲ್ಲ?” ಎಂದರು.

“ತೆಗೀತೀನಪ್ಪ.”

ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಮರುದಿನ ಹೋಗಿಬಿಟ್ಟರು.

ಮನೆಗೆ ಬಂದು ಡಿಸ್ಕನ್ನೆಲ್ಲ ಸೋಸಿದೆ. ಎಡಿಟರು ಬಿದ್ದ ಸುದ್ದಿಯ ಒಂದು ಸಾಲು ಪರದೆಯ ಮೇಲಿತ್ತು. ಅದರ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ‘ಕೋರ್ ಡಂಪ್ ಆಗಿದೆ’ ಎಂಬ ಮಾತು ಇರಲಿಲ್ಲ.

ತಂಗಿ ಬಂದಳು. ಅಪ್ಪನ ಕುರ್ಚಿಯಲ್ಲಿ ಕೂತು, “ನಂಗೆ ಅಂತ ಏನಾದ್ರೂ ಹೇಳಿದ್ರಾ ಅಕ್ಕ?” ಎಂದು ಕೇಳಿದಳು.

“ಕಾಗದ ಬರೆದಿದ್ರು. ನಾಲ್ಕು ದಿನ ಕೂತು. ಅದನ್ನ ನಾನೇ ಕಳೆದೆ” ಎಂದು ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಒಂದು ಸಾಲೂ ನೋಡ್ಲಿಲ್ವಾ?”

ನೋಡಿದ್ದನ್ನು ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೀಬೋರ್ಡನ್ನು ನನ್ನ ಕಡೆ ತಳ್ಳಿ, “ಅಷ್ಟೇ ಟೈಪ್ ಮಾಡು” ಎಂದಳು.

ಮಾಡಿದೆ. ಎರಡೇ ಪದ.

“ಈಗ್ಲೇ ಸೇವ್ ಮಾಡು, ಅಕ್ಕ” ಎಂದಳು.