ನೈದಿಲೆ ಗೆಡ್ಡೆ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು, “ಆ ಗುಂಡಿ ಮುಚ್ಚಿಸಿಬಿಡೋಣ ಕಣೇ, ನೋಡೋಕಾಗಲ್ಲ” ಎಂದರು.

ಅವರು ಗುಂಡಿ ಎಂದದ್ದು ನನ್ನ ಗಂಡ ಭಾನುವಾರಗಳಲ್ಲಿ ತಾವೇ ಕಟ್ಟಿದ ಕೊಳವನ್ನು. ಹೊಸ ಸಿಮೆಂಟಿನ ಕ್ಷಾರ ಇಳಿಯಲೆಂದು ನೀರು ತುಂಬಿ ಬಾಳೆದಿಂಡು ಕೊಚ್ಚಿ ಹಾಕಿದ್ದರು. ಮೂರು ಸಲ ನೀರು ಬದಲಿಸಿದ ಮೇಲೆಯೇ ಗಿಡ ಎಂದಿದ್ದರು. ಎರಡು ಸಲ ಬದಲಿಸಿ ತೀರಿಕೊಂಡರು.

ನಾನು ಉತ್ತರಿಸುವ ಮೊದಲೇ ಪಕ್ಕದ ಮನೆಯ ನೀಲಗಂಗಮ್ಮ ಕಾಂಪೌಂಡಿನಾಚೆಯಿಂದ ಅಳುಕುತ್ತ ಕರೆದರು. “ನಿಮ್ಮೆಜಮಾನ್ರು ನಮ್ ಸತುವಿನ ಟಬ್ಬು ತಗೊಂಡಿದ್ರಮ್ಮ. ಈಗ ಕೇಳಬಾರದು. ನಾಳೆ ಮಗಳು ಕೂಸು ಎತ್ಕೊಂಡು ಬರ್ತಾಳೆ, ನೀರೆರೆಯೋಕೆ ಬೇಕಿತ್ತು.”

ಟಬ್ಬಿನ ಕೆಸರಿನಲ್ಲಿ ನನ್ನ ಗಂಡ ಮಲ್ಲತ್ತಹಳ್ಳಿ ಕೆರೆಯಿಂದ ತಂದ ನೈದಿಲೆ ಗೆಡ್ಡೆಗಳಿದ್ದವು. ಅವನ್ನು ಎಸೆಯಬೇಕು, ಇಲ್ಲವೇ ನೆಡಬೇಕು.

ಕೊಳದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಿದೆ. ಕೊಳೆತ ದಿಂಡು ತೆಗೆದೆ. ಟಬ್ಬಿನ ಕೆಸರನ್ನು ಕೊಳದ ಮೂಲೆಗೆ ಸುರಿದು ಗೆಡ್ಡೆಗಳನ್ನು ನೆಟ್ಟು, ತೇಲದಿರಲೆಂದು ಮೇಲೆ ಕಲ್ಲು ಇಡತೊಡಗಿದೆ.

ಅತ್ತೆ ಅಲ್ಲೇ ನಿಂತಿದ್ದರು. “ಮೆತ್ತಗಿಡೇ, ಮೊಳಕೆ ಮುರಿದೀತು” ಎಂದರು. ನಲ್ಲಿಯನ್ನು ಅವರೇ ತಿರುಗಿಸಿದರು.

ಕೆಸರಿನ ವಾಸನೆ ಹೋಗುವವರೆಗೆ ಟಬ್ಬನ್ನು ತಿಕ್ಕಿ ತೊಳೆದು, ಗೋಡೆಯ ಮೇಲಿಂದ ನೀಲಗಂಗಮ್ಮನವರಿಗೆ ಕೊಟ್ಟೆ.