ಒನ್ನಿ ಕಟ್ಟಿದ ಹಗ್ಗ

ಒನ್ನಿ ಕಂಗಸ್ ಸತ್ತದ್ದು ಮಾರ್ಚಿನಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಅವನ ಮನೆಯೆದುರಿನ ಸರೋವರದ ಮೇಲೆ ಇನ್ನೂ ಮೊಳ ದಪ್ಪದ ಮಂಜುಗಡ್ಡೆ ಇದ್ದಾಗ. ತನ್ನ ಬೂದಿಯನ್ನು ನಡುಗಡ್ಡೆಯ ಹಿಂದಿನ ಕೊಲ್ಲಿಯಲ್ಲೇ ಬಿಡಬೇಕೆಂದು ಹೆಂಡತಿ ಇರ್ಮಾಳಿಂದ ಮಾತು ತೆಗೆದುಕೊಂಡಿದ್ದ. ಪ್ರತಿ ಬೇಸಿಗೆ ಒಂದು ಜೋಡಿ ಲೂನ್ ಎಂಬ ನೀರುಹಕ್ಕಿಗಳು ಗೂಡು ಕಟ್ಟುವುದೂ ಅದೇ ಕೊಲ್ಲಿಯಲ್ಲಿ. ಮರಿಯಾಗುವವರೆಗೆ ದೋಣಿ ಹೋಗಕೂಡದೆಂದು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟುತ್ತಿದ್ದವನೂ ಅವನೇ. ಸಾಯುವ ಗಡಿಬಿಡಿಯಲ್ಲಿ ಅದನ್ನು ಮರೆತಿದ್ದನೋ ಏನೋ.

ಇಪ್ಪತ್ತೆರಡು ವರ್ಷ ಆ ಹಗ್ಗ ಕಾದ. ಪಾದ್ರಿಯ ದೋಣಿಯನ್ನೂ ಬಿಟ್ಟವನಲ್ಲ. ಮೀನಿಗೆ ಬಂದ ಸ್ವಂತ ಸೋದರಳಿಯನ ಮೇಲೂ ಕಹಳೆ ಊದಿದ್ದ. ಈ ವರ್ಷ ಇರ್ಮಾ ಕಟ್ಟಿದಳು. ಮೇ ಬಂತು, ಹಗ್ಗ ಶೆಡ್ಡಿನಲ್ಲಿತ್ತು, ಕಟ್ಟಿದಳು. ಅದಕ್ಕಿಂತ ಹೆಚ್ಚಿನ ಕಾರಣ ಅವಳಿಗೆ ಹೊಳೆಯಲಿಲ್ಲ.

ಜೂನ್ ಮಳೆಗೆ ನೀರೇರಿ ಮೊದಲ ಗೂಡು ಮುಳುಗಿತು. ಹಕ್ಕಿಗಳು ಮತ್ತೆ ಕಟ್ಟಿ, ಮತ್ತೆ ಎರಡು ಮೊಟ್ಟೆ ಇಟ್ಟವು. ಹೀಗಾಗಿ ಜುಲೈನ ಮೊದಲ ಶನಿವಾರ ಒನ್ನಿಯ ತಮ್ಮ ಅರ್ವಿಡ್ ಡುಲೂತ್‌ನಿಂದ ಕಪ್ಪು ಕೋಟು ಹಾಕಿಕೊಂಡು ಬಂದಾಗಲೂ ಹಗ್ಗ ಇದ್ದಲ್ಲೇ ಇತ್ತು. ಮಂಗಳವಾರ ಅವನಿಗೆ ಮಂಡಿಯ ಆಪರೇಷನ್. ಆಮೇಲೆ ಈ ಬೇಸಿಗೆಯಲ್ಲಿ ದೋಣಿ ಹತ್ತುವಂತಿರಲಿಲ್ಲ.

ಇರ್ಮಾ ಹುಟ್ಟು ಹಾಕಿದಳು. ಅರ್ವಿಡ್‌ನ ತೊಡೆಯ ಮೇಲೆ ಅಣ್ಣನ ಬೂದಿಯ ಡಬ್ಬಿ. ಹಗ್ಗದ ಬಳಿ ದೋಣಿ ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಹಗ್ಗ."

"ಎತ್ಕೊಂಡು ಆ ಕಡೆ ನುಗ್ಗಿದ್ರಾಯ್ತು ಮಾರಾಯ್ತಿ. ಯಾರು ನೋಡ್ತಾರೆ?"

"ಅದು ನೋಡ್ತಿದೆ."

ಜೊಂಡಿನ ನಡುವೆ ಲೂನ್ ಕತ್ತನ್ನು ಗೂಡಿನ ಅಂಚಿಗೆ ಉದ್ದಕ್ಕೆ ಚಾಚಿ, ನೆನೆದ ಕಟ್ಟಿಗೆಯ ಹಾಗೆ ಬಿದ್ದುಕೊಂಡಿತ್ತು. ಕೆಂಪು ಕಣ್ಣು ಮಾತ್ರ ತೆರೆದಿತ್ತು.

"ಮಲಗಿದೆ ಬಿಡು."

"ಹೆದರಿದೆ. ಇನ್ನು ನಾಲ್ಕು ಮಾರು ಹೋದ್ರೆ ನೀರಿಗೆ ಬೀಳತ್ತೆ. ಅಲ್ಲಿ ಪೈನ್ ಮರದ ಮೇಲೆ ಹದ್ದು ನೋಡು, ಮೊಟ್ಟೆಗೇ ಹೊಂಚುಹಾಕಿ ಕೂತಿದೆ."

"ಇರ್ಮಾ, ಇವನು ನಿನ್ನ ಗಂಡ ಕಣೇ."

"ಹಗ್ಗಾನೂ ಅವನದೇ."

ಅರ್ವಿಡ್ ಯೋಚಿಸಿದ. "ಹಾಗಾದ್ರೆ ಇಲ್ಲೇ ಬಿಡೋಣ. ತೇಲ್ಕೊಂಡು ಒಳಗೆ ಹೋಗ್ತಾನೆ."

"ತೊರೆ ಬಂದು ಸೇರೋದು ಒಳಗಡೆ. ನೀರು ಹರಿಯೋದು ಹೊರಕ್ಕೆ. ನಾಳೆ ಹೊತ್ತಿಗೆ ಅಣೆಕಟ್ಟಿನ ಜಾಲರಿಯಲ್ಲಿರ್ತಾನೆ."

"ಬದುಕಿದ್ದಾಗ್ಲೂ ಹೀಗೇ. ಒಂದೂ ಮಾಡೋಕೆ ಬಿಡ್ತಿರ್ಲಿಲ್ಲ," ಎಂದು ಅರ್ವಿಡ್ ಡಬ್ಬಿಗೆ ಬೈದ. ಆಮೇಲೆ ಮೆಲ್ಲಗೆ, "ನಂಗೆ ಮತ್ತೆ ಬರೋಕಾಗಲ್ಲ. ನೀನೊಬ್ಳೇ ಮಾಡ್ಬೇಕಾಗತ್ತೆ," ಎಂದ.

"ಮಾಡ್ತೀನಿ."

"ಅಳು ಬಂದ್ರೆ ಪಕ್ಕದಲ್ಲಿ ಯಾರೂ ಇರಲ್ಲ."

"ಇನ್ನೂ ಬಂದಿಲ್ಲ," ಎಂದಳು, ಬಸ್ಸಿನ ವಿಷಯ ಹೇಳುವಂತೆ, ಮತ್ತು ದೋಣಿ ತಿರುಗಿಸಿದಳು.

ಇಪ್ಪತ್ತನೇ ತಾರೀಕು ಬೈನಾಕ್ಯುಲರ್‌ನಲ್ಲಿ ನೋಡಿದರೆ ಗೂಡಿನಲ್ಲಿ ಹಕ್ಕಿಯಿಲ್ಲ. ತಾಯಿಯ ಬೆನ್ನ ಮೇಲೆ ಮಸಿಯುಂಡೆಯಂಥ ಮರಿ. ಅವು ದೊಡ್ಡ ನೀರಿಗೆ ಹೋಗಲೆಂದು ಇನ್ನೆರಡು ದಿನ ಬಿಟ್ಟು ಇರ್ಮಾ ಹಗ್ಗ ಬಿಚ್ಚಿದಳು, ಒಳಗೆ ಹೋದಳು, ಡಬ್ಬಿ ಬೋರಲು ಹಾಕಿದಳು. ಬೂದಿ ಕ್ಷಣಹೊತ್ತು ತೇಲಿತು. ಸಣ್ಣ ಮೀನೊಂದು ಬಂದು ಬಾಯಿಗೆ ಹಾಕಿಕೊಂಡು ಉಗುಳಿತು. ಏನಾದರೂ ಆದೀತೆಂದು ಸ್ವಲ್ಪ ಕಾದಳು. ಆಗಲಿಲ್ಲ. ಮನೆಗೆ ಬಂದು ಬಟ್ಟೆ ಒಣಹಾಕಿ, ಅರ್ವಿಡ್‌ಗೆ ಫೋನ್ ಮಾಡಿದಳು.

"ಆಯ್ತು."

"ಏನಂದೆ ಅವನಿಗೆ?"

"ಏನೂ ಅನ್ಲಿಲ್ಲ. ಗಾಳಿ ಇರ್ಲಿಲ್ಲ, ಒಳ್ಳೇದಾಯ್ತು."

"ಹಕ್ಕಿ?"

"ಮರಿ ಒಂದೇ. ಇನ್ನೊಂದು ಮೊಟ್ಟೆ ಗೂಡಲ್ಲೇ ಉಳಿದಿದೆ."

ಆ ಕಡೆ ಅರ್ವಿಡ್ ಅಳತೊಡಗಿದ, ಗೊರಗೊರ ಸದ್ದು ಮಾಡಿಕೊಂಡು. ಇರ್ಮಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅದು ಮುಗಿಯುವವರೆಗೂ ಕಾದು, ಮಂಡಿ ಮಡಚಲು ಬರುತ್ತಿದೆಯೇ ಎಂದು ಕೇಳಿದಳು.